ಹದಿನಾರು ಮಗ್ಗ ನಿಲ್ಲಿಸಿದ ಅಕ್ಕೋರು

ಅಕ್ಕೋರ ಬಲಗೈಯ ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ಉಗುರಿನ ಬುಡದ ತನಕ ನೇರಳೆಯಾಗಿದ್ದವು. ಸೋಪು, ನಿಂಬೆಹುಳಿ, ಸೀಮೆಎಣ್ಣೆ, ಯಾವುದಕ್ಕೂ ಆ ಬಣ್ಣ ಜಗ್ಗುತ್ತಿರಲಿಲ್ಲ. ನಾನು ಮೊದಲು ನೋಡಿದ್ದು ಆ ಬೆರಳುಗಳನ್ನೇ, ಮುಖ ನೋಡಿದ್ದು ಆಮೇಲೆ. ಸಾವಳಗಿಯ ಅಂಚೆ ಕಚೇರಿಯಲ್ಲಿ ಕಿಟಕಿಯ ಹಿಂದೆ ಕೂತು ಮನಿಆರ್ಡರ್ ಫಾರ್ಮು ತಿದ್ದುತ್ತಿದ್ದೆ. ಕಂಬಿಯ ಸಂದಿಯಿಂದ ಆ ಕೈ ಒಳಗೆ ಬಂದು ಮೇಜನ್ನು ಎರಡು ಸಲ ಬಡಿಯಿತು. ಯಾವುದೋ ಊರಲ್ಲಿ ಮೂರು ಮೂರು ಓಟು ಹಾಕಿ ಬಂದವಳಿರಬೇಕು ಅಂದುಕೊಂಡೆ.

“ನನ್ನ ಲಕೋಟಿ ಹನ್ನೊಂದು ದಿನದಿಂದ ಇಲ್ಲೇ ಕುಂತಾವಂತ. ಸಾವಳಗಿ ಹವಾ ಅಷ್ಟು ಹಿಡಿಸೇತೇನು ಅವಕ್ಕ?”

ಲಕೋಟೆಗಳು ಇದ್ದದ್ದು ನಿಜ. ಸುತ್ತಲಿನ ಊರುಗಳ ಆರೋಗ್ಯ ಕಾರ್ಯಕರ್ತೆಯರಿಗೆ ಯಾರೋ ದಪ್ಪನೆಯ ಹೀರುಕಾಗದದ ತುಂಡುಗಳನ್ನು ಕೊಟ್ಟಿದ್ದರು. ಬೆಳವಣಿಗೆ ನಿಂತ ಮಕ್ಕಳ ಉಚ್ಚೆಯಲ್ಲಿ ಅವನ್ನು ತೋಯಿಸಿ, ನೆರಳಿಗೆ ಒಣಗಿಸಿ, ಲಕೋಟೆಯಲ್ಲಿಟ್ಟು ಜಮಖಂಡಿಯ ಒಂದು ವಿಳಾಸಕ್ಕೆ ಕಳಿಸಬೇಕಿತ್ತು. ಇದು ಗೊತ್ತಾದ ದಿನವೇ ನಮ್ಮ ಪೋಸ್ಟ್‌ಮಾಸ್ತರರು ಮೂಗಿಗೆ ಕರವಸ್ತ್ರ ಹಿಡಿದು ಎಲ್ಲ ಲಕೋಟೆಗಳನ್ನೂ ಒಂದು ಗೋಣಿಚೀಲಕ್ಕೆ ಹಾಕಿ ಹಿತ್ತಲ ಗೋಡೆಗೆ ಒರಗಿಸಿದ್ದರು. ಈಗ ಅವರೇ ಎದ್ದು ಬಂದು ನಿಯಮ ಹೇಳತೊಡಗಿದರು.

“ದ್ರವ ಪದಾರ್ಥ ಕಳಸಬಾರದು ಅಂತ ಐತಿ. ನಾ ಒಪ್ತೇನಿ,” ಎಂದರು ಆಕೆ. “ಒಣಗಿದ್ದು ದ್ರವ ಹೆಂಗ ಆಗತೈತಿ ಮಾಸ್ತರ? ನಿಮ್ಮ ಅಂಗಿ ದಿನಾ ಬೆವರಿಗೆ ತೊಯ್ದು ಒಣಗತೈತಿ. ಹಂಗಾರ ಅದನ್ನೂ ಕಳದು ಹೊರಗಿಟ್ಟು ಕಚೇರಿಗೆ ಬರ್ರಿ.”

ಸರತಿಯಲ್ಲಿದ್ದವರೆಲ್ಲ ನಕ್ಕರು. ಗೋಣಿಚೀಲ ಹೊರಗೆ ಬಂತು. ಅಂದಿನಿಂದ ಆ ಲಕೋಟೆಗಳಿಗೆ ಮುದ್ರೆ ಒತ್ತುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತೇವೆ. ಈಕೆ ಒಂದು ದಿನವೂ ಸಾಲಿ ಕಲಿಸಿದವರಲ್ಲ, ಆದರೂ ಜನ ‘ಸಕ್ರಿ ಅಕ್ಕೋರು’ ಎಂದೇ ಕರೆದರು. ಮುಂಬೈಯಲ್ಲಿ ಇಪ್ಪತ್ತು ವರ್ಷ ಸಕ್ಕರೆಯ ಮೇಲೆ ಸಂಶೋಧನೆ ಮಾಡಿ ಬಂದ ವಿಜ್ಞಾನಿ ಎಂಬ ಸುದ್ದಿ ಹಬ್ಬಿತ್ತು. ಊರಿಗೊಂದು ಸಕ್ಕರೆ ಕಾರ್ಖಾನೆ ಏಳುತ್ತಿದ್ದ ಕಾಲ. ಕಾರ್ಖಾನೆಯವರೊಬ್ಬರು ಜೀಪು ತಂದು, ಕಬ್ಬಿನ ಹಾಲು ಪರೀಕ್ಷೆ ಮಾಡುವ ಹುದ್ದೆ ಕೊಡುತ್ತೇವೆ, ಬಂಗಲೆಯೂ ಇದೆ ಎಂದರಂತೆ. “ನಾ ನೋಡೂ ಸಕ್ರಿ ನಿಮ್ಮ ಚಹಾದಾಗ ಕರಗೂದಿಲ್ಲರಿ,” ಎಂದು ಹೇಳಿ ಚಹಾ ಕುಡಿಸಿ ಕಳಿಸಿದರಂತೆ.

ಆಕೆ ಹುಟ್ಟಿದ್ದು ಬನಹಟ್ಟಿಯಲ್ಲಿ. ತಂದೆ ನೂಲಿಗೆ ಬಣ್ಣ ಹಾಕುವವರು. ನೂಲಿನ ಗಂಜಿಗೆ ಹುಣಸೆಬೀಜದ ಪುಡಿ ಬೆರೆಸುತ್ತಿದ್ದುದನ್ನು ನೋಡುತ್ತ ಬೆಳೆದವರು, ಮುಂಬೈಗೆ ಹೋಗಿ ಅದೇ ಹುಣಸೆಬೀಜದ ಅಂಟಿನ ಮೇಲೆ ಡಾಕ್ಟರೇಟು ತಗೊಂಡರು. ಅಂಟು ಎಂದರೂ ಸಕ್ಕರೆಯೇ, ಸಕ್ಕರೆಯ ಕಣಗಳು ಒಂದಕ್ಕೊಂದು ಹೆಣೆದುಕೊಂಡ ಉದ್ದುದ್ದ ಎಳೆಗಳು ಎಂದು ನನಗೆ ತಿಳಿಸಿ ಹೇಳಿದ್ದು ಅವರೇ. ನಮ್ಮ ಕೀಲುಗಳಲ್ಲಿ, ಕಣ್ಣಿನಲ್ಲಿ, ಚರ್ಮದಲ್ಲಿ ಅಂಥವೇ ಎಳೆಗಳಿವೆ. ಹಳೆಯದಾದ ಎಳೆಯನ್ನು ದೇಹ ಕತ್ತರಿಸಿ ತೆಗೆದುಹಾಕುತ್ತ ಇರುತ್ತದೆ. ಕೆಲವು ಮಕ್ಕಳಿಗೆ ಹುಟ್ಟುತ್ತಲೇ ಆ ಕತ್ತರಿ ಇರುವುದಿಲ್ಲ. ಎಳೆ ತುಂಬುತ್ತ ತುಂಬುತ್ತ ಹೊಟ್ಟೆ ಉಬ್ಬುತ್ತದೆ, ಮುಖ ದಪ್ಪಗಾಗುತ್ತದೆ, ಬೆರಳು ಮಡಚಿಕೊಳ್ಳುತ್ತವೆ. ಆ ರೋಗಕ್ಕೆ ನಾಲಿಗೆ ಹೊರಳದ ಹೆಸರೊಂದಿದೆ. ಉಚ್ಚೆಯಲ್ಲಿ ಆ ಎಳೆಗಳು ಹೆಚ್ಚಿಗೆ ಇದ್ದರೆ ಕಾಗದದ ಮೇಲೆ ಹಾಕಿದ ನೀಲಿ ಬಣ್ಣ ನೇರಳೆ ಕಲೆಯಾಗಿ ಕೂತುಬಿಡುತ್ತದೆ, ತೊಳೆದರೂ ಹೋಗುವುದಿಲ್ಲ.

ಮುಂಬೈಯ ಪ್ರಯೋಗಶಾಲೆಗೆ ಅಂಥ ಕಾಗದಗಳು ದೇಶದ ನಾನಾ ಕಡೆಯಿಂದ ಬರುತ್ತಿದ್ದವು. ಬಿಟ್ಟು ಬಂದದ್ದು ಯಾಕೆ ಎಂದು ಒಮ್ಮೆ ಕೇಳಿದ್ದೆ.

“ಲಕೋಟಿ ಮ್ಯಾಲಿನ ಪತ್ತೆ ಓದಿ ಓದಿ ಸಾಕಾತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ, ಮತ್ತ ಜಮಖಂಡಿ. ನಮ್ಮ ಮಂದಿ ರೈಲು ಹತ್ತಿ ನಾನಿದ್ದಲ್ಲಿಗೆ ಬರಾಕತ್ತಿದ್ರು. ನಾನ ಬಸ್ಸು ಹತ್ತಿ ಬಂದ್ರ ಏನು ಸವೀತೈತಿ ಅಂದ್ಕೊಂಡೆ.”

ಬಂದಾಗ ಯಾರೂ ತಲೆಯ ಮೇಲೆ ಹೊತ್ತು ಮೆರೆಸಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಜಮಖಂಡಿಯಲ್ಲಿ ಎರಡು ಖೋಲಿ ಬಾಡಿಗೆ ಹಿಡಿದು, ಸರ್ಕಾರದ ನೋಂದಣಿ ಪತ್ರಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿ, ತಾವೇ ಕಸ ಗುಡಿಸಿ ಕೆಲಸ ಸುರು ಮಾಡಿದರು. ಬೀಳಗಿ ಕಡೆಯ ಹಳ್ಳಿಗಳು ಅಣೆಕಟ್ಟಿನ ಹಿನ್ನೀರಿಗೆ ಎದ್ದುಹೋಗುತ್ತಿದ್ದ ಹೊತ್ತಾದ್ದರಿಂದ ಪರೀಕ್ಷೆಯ ಫಲ ತಿಳಿಸಿ ಅವರು ಬರೆದ ಎಷ್ಟೋ ಕಾರ್ಡುಗಳು ‘ವಿಳಾಸದಾರರು ಇಲ್ಲ’ ಎಂಬ ಷರಾ ಹೊತ್ತು ತಿರುಗಿ ಬರುತ್ತಿದ್ದವು. ಅವನ್ನು ಹಿಡಿದುಕೊಂಡು ಅಕ್ಕೋರು ಪುನರ್ವಸತಿ ಕೇಂದ್ರಗಳಲ್ಲಿ ಮನೆ ಮನೆ ಕೇಳುತ್ತ ಅಲೆಯುತ್ತಿದ್ದರು. ಅಂಚೆ ಇಲಾಖೆಯ ಸಂಬಳ ಉಣ್ಣುವ ನನಗೆ ನಾಚಿಕೆಯಾಗಿ, ನಾನೂ ಅವರಿವರನ್ನು ವಿಚಾರಿಸಿ ಹೊಸ ವಿಳಾಸ ಹುಡುಕಿ ಕೊಡತೊಡಗಿದೆ. ತಿಂಗಳಿಗೊಮ್ಮೆ ಜಮಖಂಡಿಗೆ ಹೋದಾಗ ಅವರಲ್ಲಿ ಚಹಾ ಕುಡಿದು ಬರುವಷ್ಟು ಸಲಿಗೆ ಬೆಳೆಯಿತು.

ಇಷ್ಟು ಸಲಿಗೆಯಿದ್ದರೂ ಒಂದು ಮಾತು ಮುಚ್ಚಿಟ್ಟಿದ್ದೆ. ಅಂಥದೇ ಮಗು ನನ್ನ ಮನೆಯಲ್ಲೂ ಇತ್ತು.

ನನ್ನನ್ನು ಕೊಟ್ಟಿದ್ದು ಸೋದರಮಾವನಿಗೆ. ಬೀರದೇವರ ಒಕ್ಕಲಿನ ನಮ್ಮ ಮನೆತನದಲ್ಲಿ ಅಕ್ಕನ ಮಗಳ ಮೇಲೆ ತಮ್ಮನಿಗೆ ಹಕ್ಕು, ಅದನ್ನು ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ಹಾಗಾಗಿ ನನ್ನ ತಾಯಿಯ ತಾಯಿಯೇ ನನಗೆ ಅತ್ತೆ. ಆಕೆಯನ್ನು ಆಯಿ ಅನ್ನುತ್ತಿದ್ದೆ. ಮೊದಲನೆಯ ಮಗ ಎರಡು ವರ್ಷ ಚಂದ ಆಡಿಕೊಂಡಿದ್ದ. ಮೂರನೆಯದರಲ್ಲಿ ಬೆರಳು ಮಡಚಿಕೊಳ್ಳತೊಡಗಿದವು. ನಾಲ್ಕರಲ್ಲಿ ಕಲಿತ ಮಾತೂ ಕಡಿಮೆಯಾದವು. ದೇವರಿಗೆ ಹರಕೆ ತಪ್ಪಿದೆ ಎಂದರು, ತೀರಿಸಿದೆವು. ಮಿರಜಿನ ಡಾಕ್ಟರು ಎಲುಬು ಸಣ್ಣವು ಎಂದರು, ಸುಣ್ಣದ ಗುಳಿಗೆ ನುಂಗಿಸಿದೆವು. ಬಂದವರ ಕಣ್ಣಿಗೆ ಬೀಳದಂತೆ ಅವನನ್ನು ನಡುಮನೆಯಲ್ಲೇ ಇರಿಸುತ್ತಿದ್ದೆವು. ನಾನೂ ಇರಿಸುತ್ತಿದ್ದೆ, ಆಯಿಯೊಬ್ಬಳ ಮೇಲೆ ಹಾಕಲಾರೆ.

ಅಷ್ಟು ಲಕೋಟೆಗಳಿಗೆ ಮುದ್ರೆ ಒತ್ತಿದವಳಿಗೆ ತನ್ನ ಮಗನ ಕಾಗದ ಕಳಿಸದೆ ಇರಲಾಗಲಿಲ್ಲ. ಗಂಡನ ಹೆಸರು ಹಾಕಿ, ಆರೋಗ್ಯ ಕಾರ್ಯಕರ್ತೆಯ ಕೈಯಲ್ಲಿ ಕೊಡಿಸಿದೆ. ನಾನು ಕಚೇರಿಗೆ ಹೋಗಿದ್ದಾಗ ಕಾಗದ ತೋಯಿಸಿ ಒಣಗಿಸಿದ್ದು ಆಯಿ. ಎಂಟು ದಿನಕ್ಕೆ ಅಕ್ಕೋರ ಕೈಬರಹದ ಕಾರ್ಡು ನನ್ನ ಕಿಟಕಿಗೇ ಬಂತು: ‘ಕಲೆ ಇಲ್ಲ.’ ಎಷ್ಟು ಹಿಗ್ಗಿದೆ ಎಂದರೆ, ಕಚೇರಿಯಲ್ಲಿದ್ದವರಿಗೆಲ್ಲ ಕಾರಣ ಹೇಳದೆ ಪೇಡೆ ಹಂಚಿದೆ. ಹಾಗಿದ್ದರೆ ಇದು ಬೇರೇನೋ, ಮುಂದಿನ ಕೂಸಿಗೆ ಏನೂ ಆಗುವುದಿಲ್ಲ ಎಂದು ಧೈರ್ಯ ಬಂತು. ಕೆಲವು ತಿಂಗಳಲ್ಲಿ ನಾನು ಮತ್ತೆ ಬಸುರಿಯಾದೆ.

ಅದೇ ದಿನಗಳಲ್ಲಿ ಅಕ್ಕೋರು ಜಮಖಂಡಿಯ ಖೋಲಿ ಕಳೆದುಕೊಂಡರು. ಆ ಪ್ರಸಂಗಕ್ಕೆ ನಾನೇ ಸಾಕ್ಷಿ. ತಿರುಗಿ ಬಂದ ಕಾರ್ಡುಗಳನ್ನು ಕೊಡಲು ಹೋಗಿದ್ದೆ. ಅವರು ಗರ್ಭದ ನೀರಿನಲ್ಲೂ ಅದೇ ಸಕ್ಕರೆಯ ಎಳೆಗಳನ್ನು ಪರೀಕ್ಷೆ ಮಾಡಿ, ಹುಟ್ಟುವ ಕೂಸಿಗೆ ರೋಗ ಇದೆಯೋ ಇಲ್ಲವೋ ಹೇಳುತ್ತಿದ್ದರು. ಹೊಟ್ಟೆಯ ನೀರು ನೋಡಿ ಹೇಳುತ್ತಾರೆ ಅನ್ನುವಷ್ಟೇ ಮಾತು ಮುಧೋಳ ಕಡೆಯ ಒಬ್ಬ ದೊಡ್ಡ ಕುಳದ ಕಿವಿಗೆ ಬಿದ್ದಿತ್ತು. ಆತ ಬಂದು ಕಾಲ ಮೇಲೆ ಕಾಲು ಹಾಕಿ ಕೂತ.

“ಏನಿಲ್ರಿ ಅಕ್ಕೋರ. ಸೊಸಿ ಹೊಟ್ಟ್ಯಾಗಿನ ನೀರು ತಗಸೂ ಕೆಲಸ ನಮಗ ಬಿಡ್ರಿ. ಹೆಣ್ಣೋ ಗಂಡೋ, ಅಷ್ಟ ಹೇಳ್ರಿ ನೀವು.”

“ಹೇಳೂದಿಲ್ಲ.”

“ಗೊತ್ತಾಗೂದಿಲ್ಲೋ, ಹೇಳೂದಿಲ್ಲೋ?”

“ಹೇಳೂದಿಲ್ಲ.”

ಆತ ಸುತ್ತಲಿನ ಗೋಡೆಗಳನ್ನು ನೋಡಿದ. “ಈ ಮನಿ ಯಾರದಂತ ಗೊತ್ತೈತಿಲ್ಲ?”

“ಗೊತ್ತೈತಿ, ನಿಮ್ಮ ಬೀಗರದು. ಅವರಿಗೆ ಬಾಡಿಗಿ ಕೊಟ್ಟೇನಿ, ನನ್ನ ಬಾಯಿ ಕೊಟ್ಟಿಲ್ಲ. ಹೆಣ್ಣಂದ್ರ ಏನು ಮಾಡಾವ್ರದೀರಿ ಅನ್ನೂದೂ ಗೊತ್ತೈತಿ. ಅದು ಜೇಲಿಗೆ ಹೋಗೂ ಕೆಲಸ. ಏಳ್ರಿ.”

ವಾರದೊಳಗೆ ಖೋಲಿ ಖಾಲಿ ಮಾಡಲು ಹೇಳಿದರು. ಮಕ್ಕಳ ಉಚ್ಚೆ ಕೂಡಿಹಾಕಿ ಮಾಟ ಮಾಡಿಸುತ್ತಾಳೆ ಎಂಬ ಮಾತೂ ಹುಟ್ಟಿತು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು? ಅಕ್ಕೋರು ಒಬ್ಬರಿಗೂ ಸಮಜಾಯಿಷಿ ಕೊಡಲಿಲ್ಲ. ಗಾಜಿನ ಸಾಮಾನುಗಳಿಗೆ ಕೌದಿ ಸುತ್ತಿ, ಟ್ರ್ಯಾಕ್ಟರಿನ ಟ್ರೇಲರಿಗೆ ಹೇರಿಸಿ, ಅವುಗಳ ನಡುವೆ ತಾವೂ ಕೂತು ಹಾಡಾಹಗಲು ಪೇಟೆಯ ನಡುವಿನಿಂದಲೇ ಬನಹಟ್ಟಿಗೆ ಹೋದರು. ಹಿಂದಿನ ಓಣಿಯಿಂದ ಹೋಗೋಣ ಎಂದ ಡ್ರೈವರನಿಗೆ, “ನಾ ಏನು ಕದ್ದೇನೇನು?” ಎಂದರಂತೆ. ಅಲ್ಲಿ ಅವರ ಅಣ್ಣನ ಪವರ್‌ಲೂಮ್ ಶೆಡ್ಡಿತ್ತು, ಹದಿನಾರು ಮಗ್ಗದ್ದು. ಅದರ ಹಿಂದಿನ ನೂಲಿನ ಕೋಣೆಯಲ್ಲಿ ಮತ್ತೆ ಪ್ರಯೋಗಶಾಲೆ ಎದ್ದಿತು.

ನನಗೆ ಮೂರು ತಿಂಗಳಾಗಿತ್ತು. ಒಂದು ಸಂತೆಯ ದಿನ ಸಾವಳಗಿಯಲ್ಲಿ ಯಾರದೋ ಮನೆ ಹುಡುಕಿಕೊಂಡು ಬಂದ ಅಕ್ಕೋರಿಗೆ ಬಸ್ಸು ತಪ್ಪಿತು. ನೀರು ಕುಡಿಯಲೆಂದು ಹೇಳದೆ ಕೇಳದೆ ನಮ್ಮ ಮನೆಗೆ ಬಂದುಬಿಟ್ಟರು. ಮಗ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದ. ನಾನು ತಂಬಿಗೆ ಹಿಡಿದು ಹೊರಗೆ ಬರುವಷ್ಟರಲ್ಲಿ ಅವರು ಅವನ ಪಕ್ಕದಲ್ಲಿ ಕೂತು ಅವನ ಕೈಯನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡಿದ್ದರು. ಮಡಚಿದ ಬೆರಳನ್ನು ಮೆಲ್ಲಗೆ ಬಿಡಿಸಿ ನೋಡುತ್ತಿದ್ದರು, ಅದು ಬಿಡಲಿಲ್ಲ.

“ನಿನ್ನ ಹೆಸರೇನಪಾ?”

ಅವನು ದಪ್ಪ ದನಿಯಲ್ಲಿ ಹೇಳಿದ. ಅವರು ಅದನ್ನು ತಿರುಗಿ ಒಮ್ಮೆ ಹೇಳಿ, “ಛಲೋ ಹೆಸರು,” ಎಂದರು. ಆಮೇಲೆ ತಲೆಯೆತ್ತಿ ನನ್ನ ಮುಖ, ನನ್ನ ಹೊಟ್ಟೆ ಎರಡನ್ನೂ ನೋಡಿದರು.

“ಇವನ ಕಾಗದ ಕಳಸಿದ್ದೇನು?”

ಪೆಟ್ಟಿಗೆಯಲ್ಲಿಟ್ಟಿದ್ದ ಕಾರ್ಡು ತಂದು ಕೊಟ್ಟೆ. ತಮ್ಮದೇ ಅಕ್ಷರವನ್ನು ಅವರು ಬಹಳ ಹೊತ್ತು ಓದಿದರು. ಚೀಲದಿಂದ ಹೊಸ ಕಾಗದ ತೆಗೆದು, ಇವನಿಗೆ ಉಚ್ಚೆ ಬಂದಾಗ ನನ್ನ ಕಣ್ಣೆದುರಿಗೆ ಹಿಡಿ ಎಂದರು. ಆಗ ಬಾಗಿಲ ಹಿಂದೆ ನಿಂತಿದ್ದ ಆಯಿ ಹೊರಗೆ ಬಂದಳು.

“ಮತ್ತ ಹಿಡೂದು ಬ್ಯಾಡ್ರಿ. ಆಗ ಕಳಸಿದ್ದು ಇವಂದಲ್ಲ. ಬಾಜೂಮನಿ ಹುಡುಗಂದು.” ಆಕೆಯ ದನಿಯಲ್ಲಿ ಅಂಜಿಕೆ ಇರಲಿಲ್ಲ, ಜಗಳಕ್ಕೆ ನಿಂತವಳ ಹಾಗಿದ್ದಳು. “ಮನ್ಯಾಗ ಇನ್ನೂ ಎರಡು ಹುಡುಗ್ಯಾರು ಲಗ್ನಕ್ಕದಾವ. ರಗತದಾಗ ಕಲೆ ಐತಿ ಅಂತ ಗೊತ್ತಾದ್ರ ಈ ಹೊಸ್ತಲಾ ಯಾರು ತುಳೀತಾರ್ರಿ? ಇಂವಂದಂತೂ ಆತು. ಅವರಿಬ್ಬರದೂ ಹಾಳು ಮಾಡ್ಲೇನು?”

ನನ್ನ ಮೈ ಉರಿದುಹೋಯಿತು. ಕೈಯಲ್ಲಿದ್ದ ತಂಬಿಗೆಯನ್ನು ಅಂಗಳಕ್ಕೆ ಎಸೆದೆ. ಎತ್ತಿ ಆಡಿಸಿದ ಆಯಿ, ಬಾಣಂತನ ಮಾಡಿದ ಅತ್ತೆ, ಎರಡೂ ಆಗಿದ್ದವಳಿಗೆ ಬಾಯಿಗೆ ಬಂದದ್ದು ಅಂದೆ. ಅಕ್ಕೋರು ಬೈಯಲಿಲ್ಲ.

“ಆಯಿ, ಬದಲಿ ಮಾಡಿದ್ದು ನಿಮ್ಮ ತಪ್ಪು. ಹುಡುಗನ ಮಾರಿ ನೋಡಲಾರದ ಕಾರ್ಡು ಬರದದ್ದು ನನ್ನ ತಪ್ಪು. ಕಾಗದಾ ನಂಬಿದೆ ನಾನು. ಇಬ್ಬರ ತಪ್ಪೂ ಈಗ ಇಕಿ ಹೊಟ್ಟ್ಯಾಗ ಐತಿ.” ನನ್ನ ಕಡೆ ತಿರುಗಿದರು. “ಅಳೂದು ಆಮ್ಯಾಲ. ಎಷ್ಟು ತಿಂಗಳು ಹೇಳು.”

ಸಂಜೆಯ ಬಸ್ಸು ಬರುವ ತನಕ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದರು. ಮಗನಿಗೆ ಔಷಧ ಇಲ್ಲ ಅನ್ನುವುದನ್ನು ಸುತ್ತುಬಳಸದೆ ಹೇಳಿದರು. ನನಗೂ ನನ್ನ ಗಂಡನಿಗೂ ಒಂದೇ ಮನೆಯ ಮೊಂಡು ಕತ್ತರಿ ಬಂದಿದೆ, ಜತೆಗೊಂದು ಹರಿತವಾದದ್ದೂ ಇರುವುದರಿಂದ ನಾವು ಬದುಕಿದ್ದೇವೆ. ಇಬ್ಬರ ಮೊಂಡೂ ಒಂದೇ ಕೂಸಿಗೆ ಬಂದರೆ ಹೀಗಾಗುತ್ತದೆ. “ನಾಕರಾಗ ಒಂದು ಪಾಲು ಅಂಜಿಕಿ, ಮೂರು ಪಾಲು ಧೈರ್ಯ. ಯಾವುದು ಅಂತ ನೋಡೂದು ನನ್ನ ಕೆಲಸ. ನೋಡಿದ ಮ್ಯಾಲ ಏನು ಮಾಡಬೇಕು ಅನ್ನೂದು ನಿನ್ನ ಕೆಲಸ. ನಿಮ್ಮ ಆಯೀದೂ ಅಲ್ಲ, ಗಂಡಂದೂ ಅಲ್ಲ.” ಅಲ್ಲಿಂದ ಮುಂದೆ ಅವರು ಮಗುವನ್ನು ಕಣ್ಣಾರೆ ಕಾಣದೆ ಒಂದು ಕಾರ್ಡನ್ನೂ ಬರೆಯಲಿಲ್ಲ. ಹಿಪ್ಪರಗಿ, ಚಿಮ್ಮಡ, ಎಲ್ಲಿದ್ದರೂ ಬಸ್ಸು ಹಿಡಿದು ಹೋಗಿಯೇ ಬರೆಯುತ್ತಿದ್ದರು.

ನಾಲ್ಕು ತಿಂಗಳು ತುಂಬಿದ ಮೇಲೆ ಮಿರಜಿನಲ್ಲಿ ಡಾಕ್ಟರೊಬ್ಬರು ನೀರು ತೆಗೆದರು. ಅಕ್ಕೋರು ನನ್ನ ಜತೆಗೇ ಬಂದಿದ್ದರು. ಬರ್ಫದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಯಾರು ಏನು ಕೇಳಿದರೂ “ಮೀನು” ಎಂದು ಹೇಳುತ್ತ ಬನಹಟ್ಟಿ ತಲುಪಿಸಿದರು.

ಆ ನೀರಿನ ಸಕ್ಕರೆಯ ಎಳೆಗಳನ್ನು ಕರೆಂಟು ಹಾಯಿಸಿ ಒಂದು ತೆಳ್ಳನೆಯ ಹಾಳೆಯ ಮೇಲೆ ಸಾಲಾಗಿ ಬೇರ್ಪಡಿಸಬೇಕು. ನಾಲ್ಕೈದು ತಾಸು ವೋಲ್ಟೇಜು ಒಂದೇ ಸಮ ಇರಬೇಕು. ಕರೆಂಟು ಹೋದರೆ ಶೆಡ್ಡಿನ ಜನರೇಟರು ಇತ್ತು, ಆದರೆ ಮಗ್ಗಗಳು ಓಡುತ್ತಿದ್ದರೆ ವೋಲ್ಟೇಜು ಏರಿಳಿದು ಸಾಲು ಕಲಸಿಹೋಗುತ್ತಿತ್ತು. ನನ್ನ ನೀರು ಇದ್ದದ್ದೇ ಸ್ವಲ್ಪ, ಅದರಲ್ಲೂ ಅರ್ಧವನ್ನು ಮುಂಬೈಗೆ ಕಳಿಸಲು ತೆಗೆದಿಟ್ಟಿದ್ದರು. ಅಕ್ಕೋರು ಶೆಡ್ಡಿನ ನಡುವೆ ಬಂದು ನಿಂತು ಕೈಯೆತ್ತಿದರು.

“ಅಣ್ಣಾ, ಮಗ್ಗಾ ನಿಲ್ಲಸು.”

ಅಣ್ಣ ಗೊಣಗಿದರು. ದೀಪಾವಳಿ ಮುಂದಿತ್ತು, ಸೀರೆಯ ಆರ್ಡರು ತುಂಬ ಇತ್ತು, ನೇಯುವವರಿಗೆ ನೇಯ್ದಷ್ಟಕ್ಕೇ ಕೂಲಿ. ಆಗ ಕೊನೆಯ ಮಗ್ಗದ ಮುದುಕನೊಬ್ಬ ತನ್ನ ಮಗ್ಗವನ್ನು ತಾನೇ ಬಂದ್ ಮಾಡಿದ. “ಮಗ್ಗ ನಾಳೀನೂ ಓಡತಾವ. ಹೊಟ್ಟ್ಯಾಗಿನ ಕೂಸು ನಿಮ್ಮ ದೀಪಾವಳಿಗೆ ಕಾಯತೈತೇನು?” ಒಂದಾದ ಮೇಲೊಂದು ಹದಿನಾರೂ ನಿಂತವು. ಹುಟ್ಟಿದಾಗಿನಿಂದ ಆ ಸದ್ದು ಕೇಳಿದ ಓಣಿಯವರು ಏನಾಯಿತೋ ಎಂದು ಬಾಗಿಲಿಗೆ ಬಂದು ನೋಡಿದರು. ನಾನು ನೂಲಿನ ಮೂಟೆಯ ಮೇಲೆ ಕೂತಿದ್ದೆ. ನೇಕಾರರು ಮಧ್ಯಾಹ್ನದ ರೊಟ್ಟಿ ಬಿಚ್ಚಿ ನನಗೂ ಕೊಟ್ಟರು. ಸೆರಗಿನಲ್ಲಿ ಕಟ್ಟಿಟ್ಟುಕೊಂಡೆ.

ಹಾಳೆಗೆ ನೀಲಿ ಹಾಕಿ ತೊಳೆದ ಮೇಲೆ ಅಕ್ಕೋರು ಅದನ್ನು ಬೆಳಕಿಗೆ ಹಿಡಿದು ಮೂರು ಸಲ ನೋಡಿದರು. ಆ ಮುದುಕನನ್ನು ಕರೆದರು. ಆತ ಹಿಂದೆ ಅವರ ತಂದೆಯ ಹತ್ತಿರ ಬಣ್ಣದ ಕೆಲಸ ಮಾಡಿದ್ದವನು. ಅವರ ಪದ್ಧತಿಯೇ ಹಾಗಿತ್ತು. ತಮ್ಮ ಕಣ್ಣು ತಮಗೆ ಬೇಕಾದ್ದನ್ನು ಕಂಡುಬಿಡಬಹುದು ಎಂದು, ಯಾವುದು ಯಾರದು ಎಂದು ಗೊತ್ತಿಲ್ಲದ ಬಣ್ಣಗಾರನಿಗೆ ತೋರಿಸಿಯೇ ತೀರ್ಮಾನ ಮಾಡುತ್ತಿದ್ದರು.

“ಕಾಕಾ, ಮೂರು ಸಾಲು ಅದಾವ. ನಡುವಿಂದು ಯಾವ ಕಡೀದಕ್ಕ ಹೊಂದತೈತಿ?”

ಆತ ಕನ್ನಡಕ ಏರಿಸಿದ. ಹಾಳೆಯನ್ನು ಅಡ್ಡ ಹಿಡಿದ, ಉದ್ದ ಹಿಡಿದ, ಬಾಗಿಲ ತನಕ ಹೋಗಿ ಬಿಸಿಲಲ್ಲಿ ನೋಡಿದ. “ಬಲಗಡೀದಾಗ ಕೆಳಗ ಒಂದು ಹೆಚ್ಚಿನ ಪಟ್ಟಿ ಬಂದೈತಿ. ನಡುವಿಂದರಾಗ ಅದಿಲ್ಲ. ನಡುವಿಂದೂ ಎಡಗಡೀದೂ ಒಂದ ಹದ.”

ಬಲಗಡೆಯದು ರೋಗ ಇದ್ದ ಕೂಸಿನದು. ಎಡಗಡೆಯದು ಇಲ್ಲದ್ದು. ನಡುವಿನದು ನನ್ನದು.

“ಕತ್ತರಿ ಐತಿ ನಿನ್ನ ಕೂಸಿಗೆ,” ಎಂದರು ಅಕ್ಕೋರು. “ಈಗ ಅಳು.” ಅತ್ತೆ. ಮುಂಬೈಯಿಂದಲೂ ಮೂರು ವಾರಕ್ಕೆ ಅದೇ ಉತ್ತರ ಬಂತು.

ಮಗ್ಗ ನಿಲ್ಲಿಸಿದ ಆ ಸಂಜೆ ಅಕ್ಕೋರು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದಾಗ ನಾಚುತ್ತ ಕೇಳಿದೆ, ಹುಡುಗನೋ ಹುಡುಗಿಯೋ ನನಗಾದರೂ ಹೇಳುವುದಿಲ್ಲವೇ ಎಂದು. ಅವರು ಜೋರಾಗಿ ನಕ್ಕರು.

“ಹುಚ್ಚಿ, ಆ ಹಾಳಿಯಾಗ ಅದು ಕಾಣೂದ ಇಲ್ಲ. ಅದರಾಗ ಕಾಣೂದು ಬರೇ ಸಕ್ರಿ.”

ನಾನು ನಿಂತಲ್ಲೇ ನಿಂತೆ. “ಹಂಗಾರ ಆ ದೊಡ್ಡ ಮನಶ್ಯಾಗ ಅಷ್ಟ ಹೇಳಿ ಕಳಸಬೇಕಿತ್ತಲ್ರೀ! ಗೊತ್ತಾಗೂದಿಲ್ಲ ಅಂದಿದ್ರ ಖೋಲಿ ಉಳೀತಿತ್ತು.”

“ಗೊತ್ತಾಗೂದಿಲ್ಲ ಅಂದಿದ್ರ ಗೊತ್ತಾಗೂ ಜಾಗಾ ಹುಡುಕ್ಕೊಂಡು ಹೋಗ್ತಿದ್ದ. ಕೇಳಿದ್ದ ತಪ್ಪು ಅಂತ ಯಾರೂ ಅವನ ಮಾರಿ ಮ್ಯಾಲ ಹೇಳಿದ್ದಿಲ್ಲ. ಒಬ್ಬರು ಹೇಳಬೇಕಲ್ಲ. ಖೋಲಿ ಏನು, ಮತ್ತೊಂದು ಸಿಗತೈತಿ.”

ಆತ ಬೇರೆ ಜಾಗ ಹುಡುಕಿಕೊಂಡು ಹೋದನೋ ಇಲ್ಲವೋ ನನಗೆ ಗೊತ್ತಿಲ್ಲ. ಹೋಗಿದ್ದರೂ ಹೋಗಿರಬಹುದು. ಅಕ್ಕೋರ ಹಟದಿಂದ ಲೋಕ ಬದಲಾಯಿತು ಎಂದು ಬರೆದರೆ ಅವರೇ ಎದ್ದು ಬಂದು ಅಳಿಸುತ್ತಾರೆ. ಆದರೆ ಹಟ ಮಾತ್ರ ಕೊನೆಯ ತನಕ ಹಾಗೇ ಇತ್ತು. ತಮ್ಮ ಪರೀಕ್ಷೆಗಳ ಬಗ್ಗೆ ಒಂದು ಪ್ರಬಂಧ ಬರೆದು ದೊಡ್ಡ ಪತ್ರಿಕೆಯೊಂದಕ್ಕೆ ಕಳಿಸಿದ್ದರು. ಪರೀಕ್ಷೆಯ ವಿಧಾನ ಹೇಳುವ ಕಡೆ ‘ಹದಿನಾರು ವಿದ್ಯುತ್ ಮಗ್ಗಗಳನ್ನು ನಿಲ್ಲಿಸಿ ಸ್ಥಿರ ವೋಲ್ಟೇಜು ಪಡೆಯಲಾಯಿತು’ ಎಂದೂ, ‘ಹಾಳೆಯನ್ನು ಅನುಭವಿ ಬಣ್ಣಗಾರರೊಬ್ಬರು ಓದಿದರು’ ಎಂದೂ ಇಂಗ್ಲಿಷಿನಲ್ಲಿ ಬರೆದಿದ್ದರು. ಆ ಎರಡು ಸಾಲು ತೆಗೆದರೆ ಅಚ್ಚು ಹಾಕುತ್ತೇವೆ ಎಂದು ಪತ್ರ ಬಂತು. “ಖರೇ ಇದ್ದದ್ದು ಆ ಎರಡ ಸಾಲಿನ್ಯಾಗ,” ಎಂದು ಪ್ರಬಂಧ ಹಿಂದಕ್ಕೆ ತರಿಸಿಕೊಂಡರು. ಬಹಳ ದಿನದ ಮೇಲೆ ಒಂದು ಸಣ್ಣ ಪತ್ರಿಕೆ ಅದನ್ನು ಇದ್ದದ್ದು ಇದ್ದಂತೆಯೇ ಅಚ್ಚು ಹಾಕಿತು. ಅದರ ಪ್ರತಿಯನ್ನು ಆ ಮುದುಕ ಕಟ್ಟು ಹಾಕಿಸಿ ಮಗ್ಗದ ಮೇಲೆ ತೂಗುಹಾಕಿದ್ದ. ಓದಲು ಬಾರದವನು ಬಂದವರಿಗೆಲ್ಲ ತೋರಿಸುತ್ತಿದ್ದ.

ಮಗಳು ಹುಟ್ಟಿದಾಗ ಮಗನಿಗೆ ಏಳು ವರ್ಷ. ತಂಗಿಯನ್ನು ಮುಟ್ಟಲು ಅವನ ಬೆರಳು ಬಿಡಿಸಿಕೊಳ್ಳುತ್ತಿರಲಿಲ್ಲ, ಮುಷ್ಟಿಯ ಹಿಂಬದಿಯಿಂದ ಕೆನ್ನೆ ಸವರುತ್ತಿದ್ದ.

ತೊಟ್ಟಿಲಿಗೆ ಹಾಕುವ ದಿನ ಮನೆ ತುಂಬ ಬೀಗರು. ಅಕ್ಕೋರನ್ನೂ ಕರೆದಿದ್ದೆ. ನಮ್ಮಲ್ಲಿ ತೊಟ್ಟಿಲಲ್ಲೇ ಹೆಣ್ಣು ಹಿಡಿದಿಡುವ ರೂಢಿ. ನನ್ನ ಅಣ್ಣ ನಗುನಗುತ್ತ ಬಂದು ಬೆಳ್ಳಿಯ ಉಡದಾರ ಒಂದನ್ನು ಕೂಸಿನ ಕಾಲ ಬಳಿ ಇಟ್ಟು, “ಇಕಿ ನನ್ನ ಮಗನ ಹೇಣ್ತಿ, ಎಲ್ಲಾರೂ ಕೇಳ್ಕೋರಿ,” ಎಂದ. ಹೆಂಗಸರು ಸೋಬಾನೆ ಎತ್ತಿಕೊಂಡರು. ನಾನು ಆ ಉಡದಾರವನ್ನು ಎತ್ತಿ ಅಣ್ಣನ ಕೈಗೆ ಕೊಟ್ಟೆ.

“ಬ್ಯಾಡಣ್ಣಾ. ನಮ್ಮ ಮನಿ ಹೆಣ್ಣು ನಮ್ಮ ಮನಿಗೆ ಇನ್ನ ಬ್ಯಾಡ. ನನ್ನ ಮಗನ ಜಡ್ಡು ನಮ್ಮ ರಗತದಾಗಿಂದ ಬಂದೈತಿ. ನನಗೂ ಐತಿ, ನಿನಗೂ ಇದ್ದೀತು.”

ಹಾಡು ನಿಂತಿತು. ಅಣ್ಣನ ಮುಖ ಕಪ್ಪಾಯಿತು. ಶುಭದ ದಿನ ಎಂಥ ಮಾತು, ಇದೆಲ್ಲ ಆ ಹೆಂಗಸು ತುಂಬಿದ್ದು ಎಂದು ಯಾರೋ ಅಕ್ಕೋರ ಕಡೆ ಕೈ ತೋರಿಸಿದರು. ಅಕ್ಕೋರು ಹೋಳಿಗೆ ಮುರಿಯುತ್ತ ಸುಮ್ಮನೆ ಕೂತಿದ್ದರು. ಆಗ ಆಯಿ ಗೋಡೆ ಹಿಡಿದು ಎದ್ದಳು.

“ಅಕಿಗಿ ಯಾಕ ಕೈ ತೋರಸ್ತೀರಿ, ನನಗ ತೋರಸ್ರಿ. ಇದನ್ನ ಮುಚ್ಚಾಕ ಬಾಜೂಮನಿ ಹುಡುಗನ ಉಚ್ಚಿ ಕಳಸಿದಾಕಿ ನಾನು. ಹೊಟ್ಟ್ಯಾಗಿನ ಕೂಸಿಗೆ ಅಂಜಿ ನನ್ನ ಮೊಮ್ಮಗಳು ಎರಡು ತಿಂಗಳು ನಿದ್ದಿ ಬಿಟ್ಟಾಳ. ಮುಚ್ಚಿದ್ದು ಸಾಕು. ಅಕಿ ಹೇಳೂದು ಖರೆ ಐತಿ.”

ಎರಡು ಮನೆಯವರು ಉಣ್ಣದೆ ಎದ್ದು ಹೋದರು. ಲಗ್ನಕ್ಕಿದ್ದ ಹುಡುಗಿಯರಲ್ಲಿ ಒಬ್ಬಳ ಮಾತುಕತೆ ಮುರಿಯಿತು, ಮುಂದಿನ ವರ್ಷ ದೂರದ ಊರಿನವರು ಎಲ್ಲ ಕೇಳಿ ತಿಳಿದೇ ಮಾಡಿಕೊಂಡರು. ಅಣ್ಣ ನನ್ನೊಡನೆ ಮೂರು ವರ್ಷ ಮಾತಾಡಲಿಲ್ಲ. ಅಂದು ಹೊರಡುವಾಗ ನಾನು ಅಕ್ಕೋರನ್ನು ಕೇಳಿದೆ, ನೀವು ಒಂದು ಮಾತು ಆಡಬಾರದಿತ್ತೇ ಎಂದು. “ನಿನ್ನ ಮಾತು ನಾ ಯಾಕ ಆಡ್ಲಿ? ಹೋಳಿಗಿ ಛಲೋ ಆಗಿದ್ವು,” ಎಂದರು.

ಮರುವರ್ಷ ಮಗ ತೀರಿಕೊಂಡ. ಕೆಮ್ಮು ಬಂತು, ಉಸಿರು ಸಾಲದಾಯಿತು. ಅಕ್ಕೋರು ಮಣ್ಣಿಗೆ ಬಂದಿದ್ದರು. ಅವನ ಹೆಸರು ಹಿಡಿದು ಮಾತಾಡಿದವರು ಅಂದು ಅವರೊಬ್ಬರೇ. ಆಮೇಲೆ ನಮ್ಮ ಮನೆಯಲ್ಲಿ ಆ ಹೆಸರು ನಿಂತೇಹೋಯಿತು. ಫೋಟೊ ಪೆಟ್ಟಿಗೆಯ ತಳಕ್ಕೆ ಹೋಯಿತು. ತೊಟ್ಟಿಲ ಮುಂದೆ ಅಷ್ಟು ಧೈರ್ಯ ಮಾಡಿದ ನಾನೂ ‘ದೊಡ್ಡಾವ’ ಅನ್ನುವಷ್ಟಕ್ಕೇ ಇಳಿದೆ. ನೋವಿಗೋ, ನಾಚಿಕೆಗೋ, ಇವತ್ತಿಗೂ ತಿಳಿಯದು. ಅಕ್ಕೋರು ಮಾತ್ರ ಸಿಕ್ಕಾಗಲೆಲ್ಲ ಅವನ ಹೆಸರು ಹಿಡಿದೇ ಏನಾದರೊಂದು ನೆನೆಯುತ್ತಿದ್ದರು, ನಾನು ಮಾತು ತಿರುಗಿಸುತ್ತಿದ್ದೆ.

ಕೊನೆಗೆ ಅವರಿಗೇ ಸಕ್ಕರೆ ಕಾಯಿಲೆ ಬಂದು ಮೂತ್ರಪಿಂಡ ಕೆಟ್ಟಿತು. “ನಲವತ್ತು ವರ್ಷ ನಾ ಅದರ ಬೆನ್ನು ಹತ್ತಿದೆ, ಈಗ ಅದು ನನ್ನ ಬೆನ್ನು ಹತ್ತೇತಿ,” ಎಂದು ಬಂದವರೆದುರು ನಗುತ್ತಿದ್ದರು. ಆಸ್ಪತ್ರೆಯಲ್ಲಿ ಅವರನ್ನು ಕಡೆಯ ಸಲ ನೋಡಿದಾಗ, ನಿಮ್ಮ ಬಗ್ಗೆ ಬರೆಯುತ್ತೇನೆ ಎಂದೆ.

“ಬರಿ. ನನ್ನ ಹೆಸರು ಮಾತ್ರ ಹಾಕಬ್ಯಾಡ. ಹಾಕಿದ್ರ ಫೋಟೋಕ್ಕ ಒಂದು ಹಾರ ಹಾಕಿ ಕೈ ತೊಳಕೋತಾರ. ನಿನ್ನ ಮಗನ ಹೆಸರು ಹಾಕು.”

“ಅದು ನನ್ನ ಕೈಲೆ ಆಗೂದಿಲ್ರಿ ಅಕ್ಕೋರ.”

“ಯಾಕ ಆಗೂದಿಲ್ಲ? ಅಂವೇನು ಕಳವು ಮಾಡಿದ್ನೇನು? ಆ ಹೆಸರು ಓದಿ ಮತ್ತೊಬ್ಬಾಕಿ ತನ್ನ ಕೂಸಿನ್ನ ನಡುಮನಿಯಿಂದ ಕಟ್ಟಿ ಮ್ಯಾಲ ತರ್ತಾಳ. ಬರಿ.”

ನಾಲ್ಕು ದಿನಕ್ಕೆ ಹೋದರು. ಬನಹಟ್ಟಿಯ ಆ ಶೆಡ್ಡಿನಲ್ಲಿ ಅಂದು ಮಗ್ಗ ಓಡಲಿಲ್ಲ. ಬೀಳಗಿ, ಮುಧೋಳ, ರಬಕವಿ ಕಡೆಯಿಂದ ಬಂದ ಹೆಂಗಸರಲ್ಲಿ ಅರ್ಧದಷ್ಟು ಜನರ ವಿಳಾಸ ನನಗೆ ಬಾಯಿಪಾಠವಿತ್ತು. ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು, ಯಾರೂ ಯಾರ ಮಕ್ಕಳ ಹೆಸರನ್ನೂ ಕೇಳಲಿಲ್ಲ. ಅಲ್ಲಿಯೂ ಕೇಳಲಿಲ್ಲವಲ್ಲ ಎಂದು ಬಸ್ಸಿನಲ್ಲಿ ಕೂತ ಮೇಲೆ ನನ್ನ ಮೇಲೇ ಸಿಟ್ಟು ಬಂತು. ಈ ಬರಹ ಆ ಸಿಟ್ಟಿನಿಂದ ಹುಟ್ಟಿದ್ದು.

ನನ್ನ ಮಗನ ಹೆಸರು ಬೀರಪ್ಪ. ಸಾವಳಗಿಯವನು. ಎಂಟು ವರ್ಷ ಎರಡು ತಿಂಗಳು ಬದುಕಿದ. ಡೊಳ್ಳಿನ ಸದ್ದು ಕೇಳಿದರೆ ಕೂತಲ್ಲೇ ಭುಜ ಕುಣಿಸುತ್ತಿದ್ದ. ಬಿಸಿ ರೊಟ್ಟಿಗೆ ಬೆಣ್ಣೆ ಹಾಕದಿದ್ದರೆ ತಟ್ಟೆ ತಳ್ಳುತ್ತಿದ್ದ. ಅವನಿಗೆ ಇದ್ದದ್ದು ರೋಗ, ಕಲೆಯಲ್ಲ. ಬೀರಪ್ಪ.